ದಟ್ಟ ಸಂಚಾರದ ರಸ್ತೆಗೆ ಖಡಿಯ ಕವಚ

ಇಂಡಿ ತಾಲೂಕಿನ ಲಚ್ಯಾಣವು ಸಿದ್ಧಲಿಂಗ ಮಹಾರಾಜರ ಮಠದ ಮೂಲಕ ಭಕ್ತಜನರಿಗೂ, ಸೊಲ್ಲಾಪುರ–ವಿಜಯಪುರ ರೇಲ್ವೆಮಾರ್ಗದ ಒಂದು ನಿಲ್ದಾಣವೆಂದು ಪ್ರವಾಸಿಗರಿಗೂ ಪರಿಚಿತವಾದ ಗ್ರಾಮವು. ಇಂದು ನಾವು ವಾಚಕರ ಮುಂದಿಡಬೇಕೆಂದಿರುವ ವಿಷಯವು ಮಠಕ್ಕೂ ರೇಲ್ವೆಗೂ ಸಂಬಂಧಿಸಿದುದಲ್ಲ; ಇಂಥ ಗ್ರಾಮಗಳನ್ನು ತಾಲೂಕಿನ ಪೇಟೆಗೂ ಅಲ್ಲಿಂದ ಹೆದ್ದಾರಿಗೂ ಕೂಡಿಸುವ ಡಾಂಬರು ರಸ್ತೆಗೆ ಸಂಬಂಧಿಸಿದುದು. ಜೋಳ, ತೊಗರಿ, ನಿಂಬೆ, ಕಬ್ಬು, ಹೀಗೆ ಭೀಮೆಯ ಈ ಕಡೆಯ ಸೀಮೆಯು ಬೆಳೆದುದೆಲ್ಲವೂ ಮಾರಾಟಕ್ಕೆ ಹೋಗಬೇಕಾದರೆ ರಸ್ತೆಯೇ ಗತಿ. 2024ರ ಏಪ್ರಿಲ ತಿಂಗಳಲ್ಲಿ ಇದೇ ಲಚ್ಯಾಣದಲ್ಲಿ ಕೊಳವೆಬಾವಿಯೊಳಗೆ ಬಿದ್ದ ಎಳೆಯ ಕೂಸೊಂದನ್ನು ಜೀವಂತವಾಗಿ ಹೊರತೆಗೆದ ಸಂಗತಿಯನ್ನು ನಾಡೆಲ್ಲವೂ ಉಸಿರು ಬಿಗಿಹಿಡಿದು ಕೇಳಿತಷ್ಟೆ. ನೆಲವನ್ನಗೆಯುವ ಯಂತ್ರಗಳೂ ರಕ್ಷಣಾದಳಗಳೂ ಅಲ್ಲಿಗೆ ಬಂದು ಮುಟ್ಟಿದ್ದು ರಸ್ತೆಯ ಮೇಲಿಂದಲೇ. ಆದುದರಿಂದ ರಸ್ತೆಯ ಮೇಲ್ಮೈಯ ಮಾತು ಇಂಜಿನಿಯರರ ಕಚೇರಿಯೊಳಗೇ ಮುಗಿಯತಕ್ಕ ಮಾತಲ್ಲ.

ಪ್ರಶ್ನೆಯು ಇಷ್ಟೇ: ಸಂಚಾರವು ಹೆಚ್ಚಾಗಿರುವ ಡಾಂಬರು ರಸ್ತೆಗಳ ಮೇಲೆ, ಅವು ಕೆಟ್ಟುಹೋಗುವ ಮುನ್ನವೇ, ತೆಳುವಾದ ಖಡಿಯ ಹೊದಿಕೆಯನ್ನು ಹಾಕಿ ಅವುಗಳ ಆಯುಷ್ಯವನ್ನು ಹೆಚ್ಚಿಸಬಹುದೋ, ಅಥವಾ ಈ ಉಪಾಯವು ಹಳ್ಳಿಯ ಸಣ್ಣ ದಾರಿಗಳಿಗೆ ಮಾತ್ರ ತಕ್ಕುದೋ? ನಮ್ಮ ಲೋಕೋಪಯೋಗಿ ಇಲಾಖೆಯವರು ಇದನ್ನು ಸರ್ಫೇಸ್ ಡ್ರೆಸಿಂಗ್ ಎನ್ನುತ್ತಾರೆ. ಅಮೇರಿಕದವರು ಚಿಪ್ ಸೀಲ್ ಎನ್ನುತ್ತಾರೆ. ನಮ್ಮ ಜನರು ಇದಕ್ಕೆ ಯಾವ ಹೆಸರನ್ನೂ ಇಟ್ಟಿಲ್ಲ. 'ಡಾಂಬರು ಬಳಿದು ಖಡಿ ಉದುರಿಸಿ ಹೋದರು' ಎಂದಷ್ಟೇ ಅನ್ನುತ್ತಾರೆ. ಈ ಮಾತಿನಲ್ಲಿರುವ ತಿರಸ್ಕಾರಕ್ಕೆ ಕಾರಣವಿಲ್ಲದಿಲ್ಲ. ಅದನ್ನು ಮುಂದೆ ವಿಚಾರಿಸುವೆವು.

ಮೊದಲು ರಸ್ತೆಯು ಸಾಯುವ ಬಗೆಯನ್ನು ತಿಳಿಯಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ನೆಲವು ಬಹುಮಟ್ಟಿಗೆ ಎರೆಯ ನೆಲವು. ನೀರು ಕುಡಿದರೆ ಉಬ್ಬುವದು, ಬಿಸಿಲಿಗೆ ಒಣಗಿದರೆ ಕೈ ತೂರುವಷ್ಟು ಬಿರಿಯುವದು ಈ ಮಣ್ಣಿನ ಸ್ವಭಾವವಾಗಿದೆ. ಒಕ್ಕಲಿಗನಿಗೆ ಇದು ವರವು, ರಸ್ತೆ ಕಟ್ಟುವವನಿಗೆ ಶಾಪವು. ಇತ್ತ ಡಾಂಬರಾದರೂ ಶಾಶ್ವತವಾದ ವಸ್ತುವಲ್ಲ. ಗಾಳಿಯೊಳಗಿನ ಆಮ್ಲಜನಕವೂ ಬಿಸಿಲೂ ಕೂಡಿ ವರ್ಷ ವರ್ಷಕ್ಕೆ ಅದರ ಜಿಗುಟನ್ನು ಹೀರುತ್ತವೆ. ಕರ್ರಗೆ ಮಿಂಚುತ್ತಿದ್ದ ಮೇಲ್ಮೈಯು ಬೂದುಬಣ್ಣಕ್ಕೆ ತಿರುಗಿ ಬಿರುಸಾಗುತ್ತದೆ, ಕೂದಲೆಳೆಯಂಥ ಸೀಳುಗಳು ಕಾಣಿಸಿಕೊಳ್ಳುತ್ತವೆ. ಸೀಳು ಬಿಟ್ಟಲ್ಲಿ ಮಳೆಯ ನೀರು ಇಳಿಯುವದು. ಇಳಿದ ನೀರು ತಳದ ಎರೆಮಣ್ಣನ್ನು ಮೆತ್ತಗೆ ಮಾಡುವದು. ಮೆತ್ತಗಾದ ತಳದ ಮೇಲೆ ತುಂಬಿದ ಟ್ರಕ್ಕು ಹಾಯ್ದರೆ ರಸ್ತೆಯು ಕುಸಿಯುವದು. ನಾವು ಕಣ್ಣಿನಿಂದ ಕಾಣುವ ತಗ್ಗು ರೋಗದ ಆರಂಭವಲ್ಲ, ಅಂತ್ಯವು. ಆರಂಭವು ಎರಡು ಮೂರು ವರ್ಷಗಳ ಹಿಂದೆಯೇ, ಆ ಕೂದಲೆಳೆಯ ಸೀಳಿನಲ್ಲಿಯೇ ಆಗಿರುತ್ತದೆ.

ಈ ಸೀಳುಗಳನ್ನು ಮುಚ್ಚಿ ನೀರಿನ ದಾರಿಯನ್ನು ಕಟ್ಟುವದೇ ಖಡಿ ಹೊದಿಕೆಯ ಮುಖ್ಯ ಕೆಲಸವು. ಹಳೆಯ ರಸ್ತೆಯನ್ನು ಗುಡಿಸಿ ಧೂಳಿಲ್ಲದಂತೆ ಮಾಡುತ್ತಾರೆ. ಯಂತ್ರದಿಂದ ಡಾಂಬರನ್ನು ಒಂದೇ ಸಮನಾಗಿ ಸಿಂಪಡಿಸುತ್ತಾರೆ. ಅದು ಆರುವ ಮುನ್ನವೇ ಒಂದೇ ಅಳತೆಯ ಖಡಿಯನ್ನು ಒಂದು ಕಲ್ಲಿನ ದಪ್ಪಕ್ಕೆ ಹರಡುತ್ತಾರೆ. ಮೇಲೆ ರೋಲರು ಹಾಯಿಸುತ್ತಾರೆ. ಇಷ್ಟೇ. ಬಿಸಿ ಡಾಂಬರಿನ ಬದಲು ಈಗ ಎಮಲ್ಶನ್ ಎಂಬುದನ್ನೂ ಬಳಸುವರು. ಇದು ನೀರಿನಲ್ಲಿ ಸಣ್ಣ ಸಣ್ಣ ಹನಿಗಳಾಗಿ ಡಾಂಬರನ್ನು ಕದಡಿದ ದ್ರವವು. ಸಿಂಪಡಿಸಿದಾಗ ಕಂದುಬಣ್ಣವಿದ್ದು, ನೀರು ಬೇರ್ಪಟ್ಟ ಮೇಲೆ ಕಪ್ಪಾಗುವದು. ಇದನ್ನು ಉರಿಗಿಟ್ಟು ಬಹಳ ಕಾಯಿಸಬೇಕಾದುದಿಲ್ಲವಾದ್ದರಿಂದ ಇಂಧನವೂ ಉಳಿಯುವದು, ಕೂಲಿಕಾರರ ಕೈಕಾಲು ಸುಡುವ ಭೀತಿಯೂ ಕಡಿಮೆ. ಅಂದಹಾಗೆ ನಾವು ರೂಢಿಯಿಂದ ಡಾಂಬರು ಎನ್ನುವ ವಸ್ತುವು ಇಂದು ಕಲ್ಲಿದ್ದಲಿನಿಂದ ಬಂದ ಟಾರು ಅಲ್ಲ. ಖನಿಜ ತೈಲವನ್ನು ಶುದ್ಧಮಾಡಿದ ಮೇಲೆ ತಳದಲ್ಲುಳಿಯುವ ಬಿಟುಮಿನ್ ಎಂಬುದು. ಹೆಸರು ಹಳೆಯದು, ವಸ್ತು ಹೊಸದು.

ಈ ವಿದ್ಯೆಯು ಹುಟ್ಟಿದುದು ಧೂಳಿನ ಉಪದ್ರವದಿಂದ. 1836ರಲ್ಲಿ ತೀರಿಕೊಂಡ ಸ್ಕಾಟ್ಲಂಡದ ಮ್ಯಾಕಡಮನು ಸಣ್ಣ ಖಡಿಗಳನ್ನು ಒಂದರೊಳಗೊಂದು ಹೆಣೆದುಕೊಳ್ಳುವಂತೆ ಹಾಸುವ ಪದ್ಧತಿಯನ್ನು ರೂಢಿಸಿದ್ದನು; ಕುದುರೆಗಾಡಿ ಚಕ್ಕಡಿಗಳ ಕಾಲಕ್ಕೆ ಅದು ಸಾಕಾಗಿತ್ತು. ಮೋಟಾರು ಗಾಡಿಯು ಬಂದ ಮೇಲೆ ಅದರ ರಬ್ಬರಿನ ಗಾಲಿಯು ಖಡಿಗಳ ನಡುವಣ ಪುಡಿಯನ್ನೆಲ್ಲ ಹೀರಿ ಹಾರಿಸತೊಡಗಿತು. 1902ರಲ್ಲಿ ಮೊನಾಕೋದಲ್ಲಿ ಗುಗ್ಲಿಯೆಲ್ಮಿನೆಟ್ಟಿ ಎಂಬ ಸ್ವಿಸ್ ವೈದ್ಯನು ಧೂಳಿನಿಂದ ಜನರಿಗಾಗುವ ಬಾಧೆಯನ್ನು ನಿವಾರಿಸಲು ರಸ್ತೆಗೆ ಟಾರು ಬಳಿಸಿದನು. ರಸ್ತೆಯ ಔಷಧವನ್ನು ವೈದ್ಯನೇ ಸೂಚಿಸಿದುದು ವಿನೋದದ ಸಂಗತಿಯು. ನಮ್ಮ ದೇಶದಲ್ಲಿ ಜಯಕರ ಸಮಿತಿಯು 1928ರಲ್ಲಿ ವರದಿಯನ್ನೊಪ್ಪಿಸಿ, ರಸ್ತೆಗಳು ಪ್ರಾಂತಗಳ ಶಕ್ತಿಗೆ ಮೀರಿದ ರಾಷ್ಟ್ರೀಯ ಹೊಣೆಯಾಗಿವೆಯೆಂದು ಹೇಳಿತು. 1929ರಲ್ಲಿ ಪೆಟ್ರೋಲಿನ ಮೇಲಿನ ಕರದಿಂದ ಕೇಂದ್ರ ರಸ್ತೆ ನಿಧಿಯೂ, 1934ರ ಡಿಸೆಂಬರದಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸೂ ಸ್ಥಾಪಿತವಾದವು. ಈ ರೋಡ್ಸ್ ಕಾಂಗ್ರೆಸ್ಸು ಖಡಿ ಹೊದಿಕೆಗಾಗಿಯೇ 2005ರಲ್ಲಿ ಒಂದು ಸಂಹಿತೆಯನ್ನು ಪ್ರಕಟಿಸಿದೆ. ಅಂದಮೇಲೆ ವಿದ್ಯೆಯ ಕೊರತೆ ನಮ್ಮಲ್ಲಿಲ್ಲ. ಗ್ರಾಮೀಣ ರಸ್ತೆಗಳಲ್ಲಿ 20 ಮಿಲಿಮೀಟರ ಡಾಂಬರು ಖಡಿಯ ಹಾಸಿನ ಮೇಲೆ ಹಾಕುವ ಸೀಲ್ ಕೋಟು ಎಂಬುದರ ಒಂದು ಬಗೆಯು ಇದೇ ಜಾತಿಯದು.

ಹೀಗಿದ್ದೂ ಜನರಿಗೆ ಇದರ ಮೇಲೆ ನಂಬಿಕೆಯೇಕಿಲ್ಲ? ಕಾರಣವು ಸ್ಪಷ್ಟವಿದೆ. ಖಡಿ ಹರಡಿದ ರಸ್ತೆಯ ಮೇಲೆ ದ್ವಿಚಕ್ರದವನು ಜಾರಿ ಬೀಳುತ್ತಾನೆ. ಮುಂದೆ ಹೋಗುವ ಲಾರಿಯ ಗಾಲಿಯಿಂದ ಸಿಡಿದ ಕಲ್ಲು ಹಿಂದಿನ ಗಾಡಿಯ ಗಾಜನ್ನು ಒಡೆಯುತ್ತದೆ. ಬೇಸಿಗೆ ಬಂದಿತೆಂದರೆ ಡಾಂಬರು ಮೇಲಕ್ಕುಕ್ಕಿ ಗಾಲಿಗೂ ಪಾದರಕ್ಷೆಗೂ ಮೆತ್ತಿಕೊಳ್ಳುತ್ತದೆ. ಮಳೆ ಬಂದಿತೆಂದರೆ ಅದೇ ಡಾಂಬರು ಗಾಜಿನಂತೆ ಜಾರುತ್ತದೆ. ಸಂಚಾರ ಹೆಚ್ಚಿದಷ್ಟೂ ಈ ದೋಷಗಳು ಹೆಚ್ಚು. ಆದುದರಿಂದಲೇ ಅನೇಕ ಇಂಜಿನಿಯರರು ದಟ್ಟ ಸಂಚಾರದ ರಸ್ತೆಗೆ ಇದು ಬೇಡವೆನ್ನುವದು.

ಆದರೆ ಈ ವಾದವು ಪೂರ್ಣ ಸತ್ಯವಲ್ಲ. ನ್ಯೂಝಿಲಂಡದ ರಾಜ್ಯ ಹೆದ್ದಾರಿಗಳ ಬಹುಭಾಗವು ಖಡಿ ಹೊದಿಕೆಯದೇ ಆಗಿದೆ; ಆಸ್ಟ್ರೇಲಿಯದ ಪಟ್ಟಣಗಳಾಚೆಗಿನ ಡಾಂಬರು ರಸ್ತೆಗಳಲ್ಲಿ ಬಹುತೇಕ ಅದೇ; ದಕ್ಷಿಣ ಆಫ್ರಿಕದವರು ದೊಡ್ಡ ಖಡಿಯ ಹೊದಿಕೆಯ ಮೇಲೆ ಸಣ್ಣ ಪುಡಿಯ ಕೆಸರನ್ನು ಎಳೆದು ಕೇಪ್ ಸೀಲ್ ಎಂಬ ಗಟ್ಟಿಯಾದ ಪದ್ಧತಿಯನ್ನೇ ಹುಟ್ಟಿಸಿದರು. ಅಲ್ಲಿಯೂ ಭಾರದ ಲಾರಿಗಳು ಓಡುತ್ತವೆ. ನಮ್ಮಲ್ಲಿ ಕೆಡುವದು ಅಲ್ಲಿ ನಿಲ್ಲುವದಾದರೆ ದೋಷವು ಪದ್ಧತಿಯದೋ, ಅದನ್ನು ಮಾಡುವ ಬಗೆಯದೋ ಎಂದು ಕೇಳಲೇಬೇಕಾಗುತ್ತದೆ.

ಇದರ ಗುಟ್ಟನ್ನು 1935ರ ಸುಮಾರಿಗೆ ನ್ಯೂಝಿಲಂಡದ ಹ್ಯಾನ್ಸನ್ ಎಂಬ ಇಂಜಿನಿಯರನು ಬಿಡಿಸಿ ಹೇಳಿದನು. ಒಂದೇ ಅಳತೆಯ ಖಡಿಯನ್ನು ರಸ್ತೆಯ ಮೇಲೆ ಉದುರಿಸಿದಾಗ ಕಲ್ಲು ಕಲ್ಲುಗಳ ನಡುವೆ ನೂರಕ್ಕೆ 50 ಪಾಲು ಬಯಲು ಇರುತ್ತದೆ. ರೋಲರು ಹಾಯ್ದ ಮೇಲೆ ಅದು 30ಕ್ಕೆ ಇಳಿಯುತ್ತದೆ. ಗಾಡಿಗಳು ಓಡಾಡಿ ಪ್ರತಿಯೊಂದು ಕಲ್ಲೂ ತನ್ನ ಅತ್ಯಂತ ತೆಳುವಾದ ಮಗ್ಗುಲಿಗೆ ಮಲಗಿಕೊಂಡ ಮೇಲೆ 20ರಲ್ಲಿ ನಿಲ್ಲುತ್ತದೆ. ಈ ಕೊನೆಯ ಬಯಲಿನಲ್ಲಿ ಮೂರನೆಯ ಎರಡಂಶದಷ್ಟನ್ನು ಡಾಂಬರು ತುಂಬಿರಬೇಕು. ಹೆಚ್ಚಾದರೆ ಡಾಂಬರು ಉಕ್ಕುವದು, ಕಡಿಮೆಯಾದರೆ ಖಡಿಯು ಹಾರುವದು. ಹಳ್ಳಿಯ ದಾರಿಯಲ್ಲಿ ಈ ಎರಡರ ನಡುವಣ ಅಂತರವು ಅಗಲವಾಗಿದೆ. ಅಳತೆಯಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾದರೂ ರಸ್ತೆಯು ಕ್ಷಮಿಸುವದು. ಆದರೆ ದಿನಕ್ಕೆ ನೂರಾರು ಲಾರಿಗಳು ಓಡುವ ದಾರಿಯಲ್ಲಿ ಗಾಲಿಗಳು ಖಡಿಯನ್ನು ಹಳೆಯ ಡಾಂಬರಿನೊಳಕ್ಕೇ ಒತ್ತಿ ಹುಗಿಯುತ್ತವೆ, ಬಯಲು ಇನ್ನಷ್ಟು ಕಡಿಮೆಯಾಗುತ್ತದೆ. ಗಾಲಿ ಹಾಯುವ ಎರಡು ಪಟ್ಟೆಗಳಲ್ಲಿ ಡಾಂಬರು ಹೆಚ್ಚಾಗಿ ಉಕ್ಕಿದರೆ, ಗಾಲಿ ಹಾಯದ ನಡುವಿನಲ್ಲಿಯೂ ಅಂಚಿನಲ್ಲಿಯೂ ಅದೇ ಡಾಂಬರು ಸಾಲದೆ ಖಡಿ ಏಳುತ್ತದೆ. ಒಂದೇ ರಸ್ತೆಯಲ್ಲಿ ಎರಡು ವಿರುದ್ಧ ರೋಗಗಳು! ಇಲ್ಲಿ ಕಣ್ಣಳತೆಯ ಮೇಸ್ತ್ರಿಯ ಆಟ ನಡೆಯದು.

ಇಂಗ್ಲಂಡದವರು ಇದಕ್ಕಾಗಿ ಎರಡು ಸಂಗತಿಗಳನ್ನು ಮೊದಲೇ ಅಳೆಯುತ್ತಾರೆ: ಪ್ರತಿ ಪಟ್ಟೆಯಲ್ಲಿ ದಿನಕ್ಕೆ ಎಷ್ಟು ಭಾರದ ಗಾಡಿಗಳು ಓಡುತ್ತವೆ, ಹಳೆಯ ಮೇಲ್ಮೈಯು ಎಷ್ಟು ಗಟ್ಟಿಯಿದೆ ಎಂಬುದನ್ನು. ಮೆತ್ತಗಿನ ರಸ್ತೆಗೆ ದೊಡ್ಡ ಖಡಿ, ಗಟ್ಟಿಯಾದುದಕ್ಕೆ ಸಣ್ಣದು. ಸಂಚಾರ ದಟ್ಟವಾಗಿದ್ದಲ್ಲಿ ದೊಡ್ಡ ಖಡಿಯನ್ನು ಸ್ವಲ್ಪ ವಿರಳವಾಗಿ ಹರಡಿ, ಅದರ ಸಂದುಗಳಲ್ಲಿ ಸಣ್ಣ ಖಡಿಯನ್ನು ಬೆಣೆ ಬಡಿದಂತೆ ಸೇರಿಸುತ್ತಾರೆ. ಆಗ ದೊಡ್ಡ ಕಲ್ಲು ಹೊರಳದು, ಗಾಜಿಗೆ ಸಿಡಿಯದು. ಬರಿಯ ಡಾಂಬರಿನ ಬದಲು ರಬ್ಬರು ಇಲ್ಲವೆ ಪಾಲಿಮರು ಬೆರೆಸಿದ ಡಾಂಬರನ್ನು ಬಳಸಿದರೆ ಅದು ಬಿಸಿಲಿಗೆ ಬೇಗನೆ ಕರಗದು, ಕಲ್ಲನ್ನು ಬಲವಾಗಿ ಹಿಡಿಯುವದು. ವಿಜಯಪುರದ ಬೇಸಿಗೆಯಲ್ಲಿ ನೆರಳಿನ ಉಷ್ಣತೆಯೇ 40 ಅಂಶಗಳನ್ನು ದಾಟುವಾಗ ಕಪ್ಪು ರಸ್ತೆಯ ಮೈಯು 60 ಅಂಶಗಳನ್ನೂ ಮೀರುವದರಿಂದ, ಈ ಸೀಮೆಯ ದಟ್ಟ ಸಂಚಾರದ ದಾರಿಗಳಿಗೆ ಇಂಥ ಬಲಪಡಿಸಿದ ಡಾಂಬರು ಐಚ್ಛಿಕವಲ್ಲ, ಅವಶ್ಯವೆಂದೇ ನಮ್ಮ ಅಭಿಪ್ರಾಯವು.

ಕಲ್ಲಿನ ವಿಷಯದಲ್ಲಿ ಮಾತ್ರ ಈ ಸೀಮೆಯು ಪುಣ್ಯವಂತವು. ದಖ್ಖನದ ಕರಿಗಲ್ಲಿಗೆ ಡಾಂಬರಿನೊಡನೆ ಸಹಜವಾದ ಸ್ನೇಹವಿದೆ. ಬೆಣಚು ಹೆಚ್ಚಾಗಿರುವ ಬಿಳಿ ಕಲ್ಲುಗಳಾದರೆ ನೀರು ಸೋಕಿದ ಕೂಡಲೆ ಡಾಂಬರನ್ನು ಬಿಟ್ಟುಕೊಡುತ್ತವೆ, ಕರಿಗಲ್ಲು ಅಷ್ಟು ಸುಲಭವಾಗಿ ಬಿಡದು. ಮುಂಬಯಿ ಇಲಾಖೆಯ ಕಾಲದಲ್ಲಿ, 1876–78ರ ಘೋರ ಬರಗಾಲದೊಳಗೆ, ಹಸಿದ ಜನರಿಗೆ ಸರಕಾರವು ತೆರೆದ ಕಾಮಗಾರಿಗಳಲ್ಲಿ ಖಡಿ ಒಡೆಯುವದೂ ರಸ್ತೆ ಕಟ್ಟುವದೂ ಮುಖ್ಯವಾಗಿದ್ದವು. ಅಂದು ಸುತ್ತಿಗೆಯಿಂದ ಒಡೆದ ಖಡಿಯು ಘನವಾಗಿ, ಮೂಲೆ ಮೂಲೆಯಾಗಿ ಬರುತ್ತಿತ್ತು. ಇಂದಿನ ಯಂತ್ರದ ಖಡಿಯಲ್ಲಿ ಚಪ್ಪಟೆ ಚೂರುಗಳು ಹೆಚ್ಚು ಸೇರಿಕೊಳ್ಳುವ ಸಂಭವವುಂಟು. ಚಪ್ಪಟೆಯ ಕಲ್ಲು ಮಲಗಿತೆಂದರೆ ಡಾಂಬರಿನಲ್ಲಿ ಮುಳುಗಿಯೇ ಹೋಯಿತು. ಅದು ಗಾಲಿಗೆ ಹಿಡಿತವನ್ನು ಕೊಡದು. ಅದಕ್ಕೂ ಮಿಗಿಲಾದ ಶತ್ರುವು ಖಡಿಗೆ ಅಂಟಿದ ಧೂಳು. ಧೂಳಿದ್ದಲ್ಲಿ ಡಾಂಬರು ಹಿಡಿಯುವದು ಧೂಳನ್ನೇ ಹೊರತು ಕಲ್ಲನ್ನಲ್ಲ. ಖಡಿಯನ್ನು ತೊಳೆದು ಒಣಗಿಸುವದಾಗಲಿ, ಮೊದಲೇ ತೆಳುವಾಗಿ ಡಾಂಬರು ಸವರಿ ತರುವದಾಗಲಿ ಕಂತ್ರಾಟದಾರನಿಗೆ ಪೀಡೆಯೆನಿಸಬಹುದು. ಆದರೆ ಹೊದಿಕೆಯು ಒಂದು ಮಳೆಗಾಲಕ್ಕೆ ಏಳುವದೋ ಹಲವು ಮಳೆಗಾಲ ನಿಲ್ಲುವದೋ ಎಂಬುದು ಬಹುಪಾಲು ಇಲ್ಲಿಯೇ ನಿಶ್ಚಯವಾಗುತ್ತದೆ.

ಇನ್ನು ಹಣದ ಮಾತು. 5.5 ಮೀಟರ ಅಗಲದ ಒಂದು ಕಿಲೋಮೀಟರ ರಸ್ತೆಯೆಂದರೆ 5,500 ಚದರ ಮೀಟರು. 13 ಮಿಲಿಮೀಟರ ಖಡಿಯ ಒಂದು ಹೊದಿಕೆಗೆ ಚದರ ಮೀಟರಿಗೆ ಸುಮಾರು 1 ಕಿಲೋಗ್ರಾಮ ಡಾಂಬರು ಬೇಕು. ಒಂದು ಘನ ಮೀಟರ ಖಡಿಯು 100 ಚದರ ಮೀಟರಿಗೆ ಸಾಕು. ಅಂದರೆ ಡಾಂಬರು ಐದೂವರೆ ಟನ್ನು, ಖಡಿ 55 ಘನ ಮೀಟರು. ಸಣ್ಣ ಖಡಿಯ ಎರಡನೆಯ ಪದರನ್ನು ಸೇರಿಸಿದರೂ ಡಾಂಬರು 10 ಟನ್ನನ್ನು ಮುಟ್ಟದು. ಅದೇ ರಸ್ತೆಗೆ 30 ಮಿಲಿಮೀಟರ ದಪ್ಪದ ಹೊಸ ಡಾಂಬರು ಕಾಂಕ್ರೀಟನ್ನು ಹಾಸಿದರೆ ಮಾಲು ಸುಮಾರು 400 ಟನ್ನು, ಅದರಲ್ಲಿ ಡಾಂಬರೇ 20 ಟನ್ನಿನ ಮೇಲೆ. ಕಲ್ಲು ನಮ್ಮ ನೆಲದ್ದು, ಕೂಲಿ ನಮ್ಮ ಜನರದ್ದು; ಡಾಂಬರಾದರೋ ಬಹುಪಾಲು ಪರದೇಶದ ತೈಲದಿಂದ ಆದುದು, ಎಷ್ಟೋ ಭಾಗವು ಡಾಂಬರಾಗಿಯೇ ಹಡಗಿನಲ್ಲಿ ಬರುವಂಥದು. ಸ್ವದೇಶಿಯ ಮಾತನ್ನು ಖಾದಿಗೆ ಮಾತ್ರ ಮೀಸಲಿಡಬೇಕೆಂದು ಯಾರೂ ವಿಧಿಸಿಲ್ಲ. ಒಂದು ಕಿಲೋಮೀಟರಿಗೆ ಹತ್ತು ಹದಿನೈದು ಟನ್ನು ಡಾಂಬರನ್ನು ಉಳಿಸುವ ಉಪಾಯವು ದೇಶದ ಹಣವನ್ನು ದೇಶದಲ್ಲಿಯೇ ಉಳಿಸುವ ಉಪಾಯವೂ ಆಗಿದೆ.

ಆದರೆ ಈ ಲೆಕ್ಕವನ್ನು ನೋಡಿ ಯಾವ ಅಧಿಕಾರಿಯೂ ಎಲ್ಲ ರಸ್ತೆಗಳ ಮೇಲೂ ಖಡಿ ಉದುರಿಸಹೊರಡಬಾರದು. ಹೊದಿಕೆಯು ಚರ್ಮವೇ ಹೊರತು ಎಲುಬಲ್ಲ. ಅದು ರಸ್ತೆಗೆ ಹೊಸ ಬಲವನ್ನು ಕೊಡದು, ತಗ್ಗನ್ನು ತುಂಬದು, ಗಾಲಿಯ ಜಾಡಿನಲ್ಲಿ ಕುಸಿದ ರಸ್ತೆಯನ್ನು ಎತ್ತದು. ಅಮೇರಿಕದ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ಪ್ರಯೋಗದಿಂದ ತಿಳಿದುಬಂದುದೇನೆಂದರೆ, ಅಚ್ಚಿನ ಭಾರವು ಇಮ್ಮಡಿಯಾದರೆ ರಸ್ತೆಗಾಗುವ ಹಾನಿಯು ಇಮ್ಮಡಿಯಲ್ಲ, ಸುಮಾರು ಹದಿನಾರು ಮಡಿಯಾಗುವದು. ನಮ್ಮ ಸರಕಾರವು 2018ರಲ್ಲಿ ನಾಲ್ಕು ಗಾಲಿಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಮೇಲಿನ ನಿಯಮದಂತೆ ಲೆಕ್ಕ ಹಾಕಿದರೆ ಒಂದೊಂದು ಅಚ್ಚಿನಿಂದ ಆಗುವ ಹಾನಿಯು ಒಂದೂವರೆ ಮಡಿಗೂ ಮೇಲಾಯಿತು. ಈ ಮಿತಿಯನ್ನೂ ಮೀರಿ ಹೇರುವವರ ಮಾತನ್ನು ಬಿಡಿರಿ. ಇಂಥ ಭಾರಕ್ಕೆ ತಾಳಲಾರದ ರಸ್ತೆಯ ಮೇಲೆ ಖಡಿ ಹೊದಿಕೆಯನ್ನು ಹಾಕುವದು ಜ್ವರ ಬಂದವನಿಗೆ ಹೊಸ ಅಂಗಿಯನ್ನು ತೊಡಿಸಿದಂತೆ. ಅಲ್ಲಿ ರಸ್ತೆಯನ್ನು ತಳದಿಂದ ಕಟ್ಟಲೇಬೇಕು. ಅಂತೆಯೇ ಬದಿಯ ಗಟಾರವು ಹೂಳಿನಿಂದ ತುಂಬಿ, ಪಕ್ಕದ ಮಣ್ಣು ರಸ್ತೆಗಿಂತ ಎತ್ತರವಾಗಿ ನೀರು ಅಲ್ಲಿಯೇ ನಿಲ್ಲುವ ಕಡೆಗೆ ಮೇಲಿನ ಹೊದಿಕೆಯಿಂದ ಪ್ರಯೋಜನವಿಲ್ಲ. ನೀರು ಮೇಲಿನಿಂದ ಬರದಿದ್ದರೆ ಮಗ್ಗುಲಿನಿಂದ ಬರುವದು.

ಸಂಚಾರದ ಬಗೆಯನ್ನೂ ನೋಡಬೇಕು. ನೇರವಾಗಿ ಓಡುವ ಗಾಲಿಯು ಖಡಿಯನ್ನು ಒತ್ತುವದು; ತಿರುಗುವ ಗಾಲಿಯು ಅದನ್ನು ಕಿತ್ತೆಸೆಯುವದು. ಕಬ್ಬು ನುರಿಸುವ ಕಾಲದಲ್ಲಿ ಮರಗೂರಿನ ಸಕ್ಕರೆ ಕಾರ್ಖಾನೆಯಂಥಲ್ಲಿಗೆ ಹೋಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಬಾಗಿಲಲ್ಲಿ ಹೊರಳುವಾಗ ಎಂಥ ಹೊದಿಕೆಯೂ ನಿಲ್ಲದು. ಕಾರ್ಖಾನೆಯ ಬಾಗಿಲು, ಬಸ್ ನಿಲ್ದಾಣ, ನಾಲ್ಕು ದಾರಿಗಳು ಕೂಡುವ ಚೌಕ, ಕಡಿದಾದ ತಿರುವು, ಇಲ್ಲೆಲ್ಲ ಗಟ್ಟಿಯಾದ ಡಾಂಬರು ಕಾಂಕ್ರೀಟನ್ನೇ ಹಾಕತಕ್ಕದ್ದು. ಊರೊಳಗಿನ ದಾರಿಗೂ ಇದು ಬೇಡ. ಒರಟು ಮೇಲ್ಮೈಯ ಮೇಲೆ ಗಾಲಿಗಳ ಸದ್ದು ಹೆಚ್ಚು, ಮಕ್ಕಳು ಸಾಯಕಲ್ಲಿನಿಂದ ಬಿದ್ದರೆ ಮೊಣಕಾಲು ಸುಲಿಯುವದು. ರಾಷ್ಟ್ರೀಯ ಹೆದ್ದಾರಿಯಂಥ ಅತಿ ವೇಗದ ದಾರಿಗಳಿಗೆ ಈಗ ಮೈಕ್ರೋ ಸರ್ಫೇಸಿಂಗ್ ಎಂಬ ಕೆಸರಿನ ಲೇಪವನ್ನು ಬಳಸುತ್ತಿದ್ದಾರೆ. ಅದರಲ್ಲಿ ಬಿಡಿ ಖಡಿಯು ಸಿಡಿಯುವ ಭೀತಿಯಿಲ್ಲ. ಇವೆಲ್ಲವನ್ನು ಕಳೆದು ಉಳಿಯುವದು ಯಾವುದೆಂದರೆ, ತಾಲೂಕಿನಿಂದ ತಾಲೂಕಿಗೆ, ದೊಡ್ಡ ಗ್ರಾಮದಿಂದ ಪೇಟೆಗೆ ಹೋಗುವ, ಮೈಲುಗಟ್ಟಲೆ ನೇರವಾಗಿ ಹೊಲಗಳ ನಡುವೆ ಹಾಯುವ, ಸಂಚಾರವು ಸಾಕಷ್ಟಿದ್ದರೂ ತಳವು ಇನ್ನೂ ಗಟ್ಟಿಯಾಗಿರುವ ಜಿಲ್ಲಾ ಮುಖ್ಯ ರಸ್ತೆಗಳು ಮತ್ತು ರಾಜ್ಯ ಹೆದ್ದಾರಿಗಳು. ಈ ಜಿಲ್ಲೆಯಲ್ಲಿ ರಸ್ತೆಯ ಉದ್ದದ ದೊಡ್ಡ ಪಾಲು ಇಂಥದೇ. ಅವುಗಳ ಮೇಲೆ ಖಡಿ ಹೊದಿಕೆಯು ಯೋಗ್ಯವೇ ಸರಿ.

ಹೊತ್ತನ್ನು ಆರಿಸುವದೂ ಒಂದು ವಿದ್ಯೆಯು. ಮಳೆಗಾಲ ಮುಗಿದ ಕೂಡಲೆ ಹಾಕಿದರೆ ಕಬ್ಬಿನ ಗಾಡಿಗಳ ಮೆರವಣಿಗೆಯು ಎಳೆಯ ಹೊದಿಕೆಯ ಮೇಲೆಯೇ ಹಾಯುವದು. ಚಳಿಗಾಲದಲ್ಲಿ ಹಾಕಿದರೆ ರಾತ್ರಿಯ ತಂಪಿಗೆ ಡಾಂಬರು ಬಿಗಿದು ಕಲ್ಲನ್ನು ಸರಿಯಾಗಿ ಹಿಡಿಯದು. ಜೂನಿಗೆ ತಳ್ಳಿದರೆ ಮಳೆಯು ಎಮಲ್ಶನ್ನನ್ನೇ ತೊಳೆದೊಯ್ಯುವದು. ಕಬ್ಬಿನ ಹಂಗಾಮು ಇಳಿದು ಬಿಸಿಲು ಏರುವ ಮಾರ್ಚಿನ ದಿನಗಳೇ ಈ ಸೀಮೆಗೆ ಪ್ರಶಸ್ತವೆಂದು ನಮಗೆ ತೋರುತ್ತದೆ. ಮಳೆ ಬರುವ ಮುನ್ನ ಎರಡು ತಿಂಗಳ ಬಿಸಿಲಿನಲ್ಲಿ ಖಡಿಯು ನೆಲೆಗೊಳ್ಳುವದು. ಆದರೆ ಮಾರ್ಚವು ಸರಕಾರಿ ವರ್ಷದ ಕೊನೆಯ ತಿಂಗಳು. ಉಳಿದ ಅನುದಾನವನ್ನು ಹೇಗಾದರೂ ಮುಗಿಸುವ ಅವಸರದ ತಿಂಗಳೂ ಅದೇ. ಆ ಅವಸರದಲ್ಲಿ ಖಡಿ ತೊಳೆಯುವ ಪುರಸತ್ತು ಯಾರಿಗೆ? ಟೆಂಡರನ್ನು ನವಂಬರದಲ್ಲಿಯೇ ಮುಗಿಸಿ, ಖಡಿಯನ್ನು ಜನೆವರಿಯೊಳಗಾಗಿ ರಸ್ತೆಯ ಬದಿಗೆ ಒಟ್ಟಿಸಿ ಅಳತೆ ಮಾಡಿಸಿಟ್ಟರೆ ಈ ತೊಡಕು ತಪ್ಪುವದು.

ಇದೆಲ್ಲವೂ ಆಗದಿರುವದಕ್ಕೆ ನಮ್ಮ ರಾಜಕಾರಣದ ಒಂದು ರೂಢಿಯೂ ಕಾರಣವೆಂದು ಹೇಳದೆ ವಿಧಿಯಿಲ್ಲ. ಹೊಸ ರಸ್ತೆಗೆ ಭೂಮಿಪೂಜೆಯುಂಟು, ಫಲಕವುಂಟು, ಹಾರತುರಾಯಿಗಳುಂಟು. ಇನ್ನೂ ಕೆಡದಿರುವ ರಸ್ತೆಗೆ ಹೊದಿಕೆ ಹಾಕಿದರೆ ಯಾರು ಹಾರ ಹಾಕುವರು? 'ಚೆನ್ನಾಗಿದ್ದ ರಸ್ತೆಗೇಕೆ ಖರ್ಚು' ಎಂದು ಜನರೇ ಆಕ್ಷೇಪಿಸುವರು. ಆದುದರಿಂದ ರಸ್ತೆಯು ಪೂರ್ತಿ ಹಾಳಾಗುವವರೆಗೆ ಎಲ್ಲರೂ ಕಾಯುವದು, ಆಮೇಲೆ ಎಲ್ಲರೂ ಕೂಡಿ ಕೂಗುವದು. ಪರತಂತ್ರದ ಕಾಲದಲ್ಲಿ ಪರಕೀಯರ ಸರಕಾರವನ್ನು ದೂರುವದಕ್ಕೆ ಅವಕಾಶವಿತ್ತು. ಇಂದು ರಸ್ತೆಯೂ ನಮ್ಮದು, ಬೊಕ್ಕಸವೂ ನಮ್ಮದು.

ಅಧಿಕಾರಿಗಳಿಗೆ ನಮ್ಮ ಸೂಚನೆಯು ಇದು. ಇಂಡಿಯಿಂದ ಲಚ್ಯಾಣದ ಕಡೆಗೆ ಹೋಗುವ ದಾರಿಯಂಥ ಒಂದರಲ್ಲಿ, ತಳವು ಗಟ್ಟಿಯಿರುವ ಎರಡು ಮೂರು ಕಿಲೋಮೀಟರುಗಳನ್ನು ಆರಿಸಲಿ. ಮೊದಲು ಗಟಾರಗಳನ್ನು ತೆಗೆಸಲಿ, ಇರುವ ಸೀಳು ತಗ್ಗುಗಳನ್ನು ತುಂಬಿಸಲಿ. ವಾರಕಾಲ ಗಾಡಿಗಳನ್ನು ಎಣಿಸಿ, ಅದಕ್ಕನುಗುಣವಾಗಿ ಡಾಂಬರಿನ ಅಳತೆಯನ್ನು ನಿಶ್ಚಯಿಸಲಿ. ಕಬ್ಬಿಣದ ರೋಲರಿನಿಂದ ಖಡಿಯು ಪುಡಿಯಾಗುವದರಿಂದ ರಬ್ಬರು ಗಾಲಿಯ ರೋಲರನ್ನೇ ಹಾಯಿಸಲಿ. ಕೆಲಸ ನಡೆದ ದಿನ ಅರ್ಧ ರಸ್ತೆಯನ್ನು ಮುಚ್ಚಿ, ಇನ್ನರ್ಧದ ಮೇಲೆ ಕಾವಲುಗಾರನನ್ನು ನಿಲ್ಲಿಸಿ, ಗಾಡಿಗಳು ತಾಸಿಗೆ 20–30 ಕಿಲೋಮೀಟರಿಗಿಂತ ವೇಗವಾಗಿ ಹೋಗದಂತೆ ತಡೆಯಲಿ. ಈ ಮೊದಲ ದಿನದ ನಿಧಾನದ ಗಾಲಿಗಳೇ ಹೊದಿಕೆಯ ನಿಜವಾದ ರೋಲರು. ದ್ವಿಚಕ್ರದವರಿಗೆ ಎಚ್ಚರಿಕೆಯ ಫಲಕಗಳನ್ನು ಕನ್ನಡದಲ್ಲಿ, ದೂರದಿಂದಲೇ ಓದಬರುವಂತೆ ದಪ್ಪಕ್ಷರಗಳಲ್ಲಿ ಬರೆಸಲಿ. ರಸ್ತೆಯ ಬದಿಗೆ ಒಂದು ಹಲಿಗೆಯ ಮೇಲೆ ಹೊದಿಕೆ ಹಾಕಿದ ದಿನಾಂಕ, ಖಡಿಯ ಅಳತೆ, ಡಾಂಬರಿನ ಜಾತಿ, ತಗಲಿದ ವೆಚ್ಚ, ಕಂತ್ರಾಟದಾರನ ಹೊಣೆಯ ಅವಧಿ ಇವೆಲ್ಲವೂ ಇರಲಿ. ಹಾಯುವ ಪ್ರತಿಯೊಬ್ಬ ಒಕ್ಕಲಿಗನೂ ಪರೀಕ್ಷಕನಾಗುವನು. ಮರುದಿನ ಮುಂಜಾನೆ, ಬಸ್ಸುಗಳು ಹೊರಡುವ ಮುನ್ನವೇ, ಅಂಟದೆ ಉಳಿದ ಖಡಿಯನ್ನೆಲ್ಲ ಗುಡಿಸಿ ತೆಗೆಯಿಸಲಿ. ಗುಡಿಸಿದ ಖಡಿಯು ವ್ಯರ್ಥವಲ್ಲ. ತೊಳೆದು ಮುಂದಿನ ಕಿಲೋಮೀಟರಿಗೆ ಬಳಸಬಹುದು.